ಮಡಿಲಲ್ಲೊಂದು ಮಗು, ಒಡಲಲ್ಲೊಂದು ಮಗು: ತುಂಬು ಬಸುರಿಯ ಆಯಾಸ

ಚೊಚ್ಚಲ ಬಸುರಿನಲ್ಲಿ ಸೀಮಂತ, ತವರಿನ ಆರೈಕೆ, ಮಧ್ಯಾಹ್ನದ ನಿದ್ದೆ ಎಲ್ಲವೂ ಇರುತ್ತದೆ. ಎರಡನೆಯದಕ್ಕೆ ಅಷ್ಟು ಸಂಭ್ರಮವಿಲ್ಲ. "ಒಂದು ಹೆತ್ತವಳಿಗೆ ಹೇಳಿಕೊಡಬೇಕೇ" ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ನಿಜವಾಗಿ ಹೆಚ್ಚು ದಣಿಯುವುದು ಈ ಸಲವೇ. ಎರಡು ವರ್ಷದ ಮಗು ಸೆರಗು ಹಿಡಿದು "ಎತ್ತಿಕೋ" ಎನ್ನುತ್ತಿರುತ್ತದೆ.

ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಕೊನೆಯ ತಿಂಗಳುಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಹೆಚ್ಚಿರುತ್ತದೆ. ಅದನ್ನೆಲ್ಲ ಹೃದಯ ಪಂಪ್ ಮಾಡಬೇಕು. ರಾತ್ರಿ ಮೂತ್ರಕ್ಕೆ ಏಳುವುದು, ಎದೆಯುರಿ, ಸೊಂಟನೋವು ಸೇರಿ ನಿದ್ದೆ ತುಂಡಾಗುತ್ತದೆ. ಹಾಗಾಗಿ ಅವಳ ದಣಿವು ಸೋಮಾರಿತನವಲ್ಲ. ಇದನ್ನು ಗಂಡನೂ ಅತ್ತೆಯೂ ಮೊದಲು ತಿಳಿಯಬೇಕು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಸಿ, ಮರುದಿನ ಸೂರ್ಯೋದಯವಾಗಿ ಎರಡು ಗಳಿಗೆ ಕಳೆದ ಮೇಲೆ ಬಾಯಿಗೆ ನೀರು ಹಾಕುವವರಿದ್ದಾರೆ. ಡಿಸೆಂಬರಿನಲ್ಲಿ ಈ ಅಂತರ ಸುಮಾರು 14 ಗಂಟೆ. ಬೇಗ ಊಟ ಮಾಡುವುದರಿಂದ ಎದೆಯುರಿ ಕಡಿಮೆಯಾಗುತ್ತದೆ ಎಂಬ ಅನುಕೂಲವೂ ಇದೆ, ನಿಜ. ಆದರೆ ಬಸುರಿಯ ರಕ್ತದಲ್ಲಿ ಸಕ್ಕರೆ ಅಂಶ ಹಸಿವಿನಲ್ಲಿ ಬೇರೆಯವರಿಗಿಂತ ಬೇಗ ಇಳಿಯುತ್ತದೆ. ಬೆಳಗಿನ ತಲೆಸುತ್ತು, ಕೈನಡುಕ, ಮಗುವಿನ ಮೇಲೆ ರೇಗುವುದು ಹಲವು ಸಲ ಇದರ ಫಲ. ನಿಯಮ ಪಾಲಿಸುವವರು ಮಧ್ಯಾಹ್ನ ಮೂರೂವರೆ ನಾಲ್ಕಕ್ಕೊಮ್ಮೆ ರಾಗಿಯೋ ಕಡಲೆಯೋ ತಿಂದು, ಸಂಜೆಯ ಊಟದಲ್ಲಿ ಬೇಳೆ, ಮೊಸರು, ತುಪ್ಪ ಸೇರಿಸಿಕೊಳ್ಳಲಿ. ಬರಿ ಅನ್ನ ಸಾರು ಬೆಳಗಿನವರೆಗೆ ನಿಲ್ಲುವುದಿಲ್ಲ. ನೆನೆಸಿದ ಖರ್ಜೂರ ಬೆಳಗ್ಗೆ ಕೈಗೆಟಕುವಂತಿರಲಿ.

ಚತುರ್ವಿಧ ಆಹಾರವನ್ನೂ ತ್ಯಜಿಸುವವರಿದ್ದಾರೆ, ನೀರು ಔಷಧಿಗೆ ಅವಕಾಶ ಇಟ್ಟುಕೊಳ್ಳುವವರೂ ಇದ್ದಾರೆ. ಗರ್ಭಿಣಿ ಎರಡನೆಯ ದಾರಿ ಹಿಡಿದರೆ ಯಾರೂ ಹುಬ್ಬೇರಿಸಬೇಕಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ 'ಶಕ್ತಿತಃ' ಎಂಬ ಮಾತು ಅಂಟಿಕೊಂಡೇ ಇದೆ. ಗರ್ಭಿಣಿಗೆ ಸಕ್ಕರೆ ಕಾಯಿಲೆಯಿದ್ದರೆ, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ದೀರ್ಘ ಅಂತರ ಬಿಡುವುದು ಅಪಾಯ. ದಶಲಕ್ಷಣ ಪರ್ವದ ಉಪವಾಸಕ್ಕೂ ಇದೇ ಮಾತು. ಆ ಹತ್ತು ದಿನ ಸ್ವಾಧ್ಯಾಯ, ಜಪ ಮಾಡಬಹುದು, ಅದಕ್ಕೆ ಯಾವ ವೈದ್ಯರ ಅಡ್ಡಿಯೂ ಇಲ್ಲ.

ಎಲ್ಲ ಆಯಾಸವನ್ನೂ ಸಹಜ ಎನ್ನುವಂತಿಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕೆಳಗಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದಿತ್ತು. ಬೀಟ್‌ರೂಟ್ ತಿನ್ನದ ನಮಗೆ ರಕ್ತ ಹೇಗೆ ಬಂದೀತು ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚೇನೂ ಇಲ್ಲ, ಬಣ್ಣ ನೋಡಿ ಬಂದ ನಂಬಿಕೆ ಅದು. ಕಾಳು, ರಾಗಿ, ಎಳ್ಳು, ನುಗ್ಗೆಸೊಪ್ಪು ಸಾಕಷ್ಟು ಕೊಡುತ್ತವೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಯವರು ಕಾಳಿನ ಪಾಲು ಹೆಚ್ಚಿಸಿಕೊಳ್ಳಲಿ. ಊಟಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೆ ಹತ್ತುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಇರಲಿ. ಮೊಟ್ಟೆ ಮುಟ್ಟದ ನಮಗೆ ಬಿ12 ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಸುಸ್ತು ಬಿಡದಿದ್ದರೆ ಅದರ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಇನ್ನು ಓಡಾಡುವ ಮಗು. ಅದನ್ನು ಬಗ್ಗಿ ಎತ್ತುವುದರ ಬದಲು ತಾಯಿ ಕೆಳಗೆ ಕುಳಿತು ಮಡಿಲಿಗೆ ಹತ್ತಿಸಿಕೊಳ್ಳಲಿ, ಮಗುವಿಗೆ ಬೇಕಾದದ್ದು ಅವಳ ಸಾಮೀಪ್ಯ. ಅದು ಮಲಗಿದ ಹೊತ್ತು ಪಾತ್ರೆ ತೊಳೆಯುವ ಹೊತ್ತಲ್ಲ, ಅವಳೂ ಮಲಗುವ ಹೊತ್ತು. ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬಿಟ್ಟುಕೊಂಡು ಮಲಗಬೇಕು. 28 ವಾರದ ನಂತರ ಅಂಗಾತ ಮಲಗುವುದು ಒಳ್ಳೆಯದಲ್ಲ. ಸಂಜೆ ಬೇಗ ಊಟ ಮುಗಿಯುವ ಮನೆಯಲ್ಲಿ ಒಂದು ಲಾಭವಿದೆ: ಅಜ್ಜ ಮೊಮ್ಮಗುವನ್ನು ಬಸದಿಯ ಆರತಿಗೆ ಕರೆದೊಯ್ದರೆ ಅವಳಿಗೆ ಒಂದು ಗಂಟೆ ಪೂರ್ತಿ ಸಿಗುತ್ತದೆ. ಆ ಗಂಟೆಯಲ್ಲಿ ಅಡುಗೆಮನೆ ಒರೆಸುವ ಕೆಲಸ ಗಂಡನದು.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಕುಳಿತಲ್ಲೇ ಏದುಸಿರು, ಅಂಗೈ ಅಂಗಾಲಿನ ತೀವ್ರ ತುರಿಕೆ, ರಕ್ತಸ್ರಾವ, ಹೊಟ್ಟೆಯೊಳಗಿನ ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ "ಸುಸ್ತಿರಬೇಕು" ಎಂದು ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ತಾಯಿ ಕಾರ್ಡ್ ಮನೆಯ ಕೀಲಿಯ ಪಕ್ಕದಲ್ಲೇ ಇರಲಿ. ಅಪರಾತ್ರಿ ಹೊರಡಬೇಕಾದರೆ ದೊಡ್ಡ ಮಗು ಯಾರ ಬಳಿ ಉಳಿಯುತ್ತದೆ ಎಂಬುದನ್ನು ಈಗಲೇ ಗೊತ್ತುಮಾಡಿ, ಅವರ ಪಕ್ಕದಲ್ಲಿ ಮೊದಲೇ ನಾಲ್ಕಾರು ರಾತ್ರಿ ಮಲಗಿಸಿ ರೂಢಿ ಮಾಡಿಸಿಡಿ.