ಅಗತ್ತಿಗೂ ಅಂಡಮಾನಿಗೂ ನಡುವೆ ಬೆಂಗಳೂರು

"ಲಕ್ಷದ್ವೀಪ ನೋಡ್ಕೊಂಡು ಹಂಗೇ ಅಂಡಮಾನ್‌ಗೂ ಹೋಗಿ ಬಂದ್ಬಿಡೋಣ." ರಾಮನಗರ, ಕನಕಪುರದ ಕಡೆ ಈಗ ಮದುವೆಮನೆ ಪಂಕ್ತಿಯಲ್ಲೂ ಇಂಥ ಪ್ಲಾನು ಕಿವಿಗೆ ಬೀಳುತ್ತದೆ. ಎರಡೂ ದ್ವೀಪ ತಾನೇ, ಅಕ್ಕಪಕ್ಕ ಇರಬೇಕು ಅನ್ನೋ ಲೆಕ್ಕ. ಆದರೆ ಒಂದು ಇರುವುದು ಅರಬ್ಬಿ ಸಮುದ್ರದಲ್ಲಿ, ಇನ್ನೊಂದು ಬಂಗಾಳ ಕೊಲ್ಲಿಯಲ್ಲಿ. ಲಕ್ಷದ್ವೀಪದ ಅಗತ್ತಿ ವಿಮಾನ ನಿಲ್ದಾಣದಿಂದ ಅಂಡಮಾನಿನ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ) ನಿಲ್ದಾಣಕ್ಕೆ ನೇರ ಗೆರೆ ಎಳೆದರೂ ಸುಮಾರು 2,240 ಕಿ.ಮೀ.

ಇಷ್ಟು ಹೇಳಿದರೆ, "ಹಂಗಾದ್ರೆ ಬೆಂಗಳೂರಿಗೆ ಬಂದು ಹೋಗೋದು ಭಾರೀ ಸುತ್ತು" ಅನ್ನುತ್ತಾರೆ. ಅದೂ ತಪ್ಪು. ಅಗತ್ತಿ–ಬೆಂಗಳೂರು ಸುಮಾರು 660, ಬೆಂಗಳೂರು–ಪೋರ್ಟ್ ಬ್ಲೇರ್ ಸುಮಾರು 1,640. ಕೂಡಿಸಿದರೆ 2,300. ಸುತ್ತು ಬರೀ 60 ಕಿ.ಮೀ., ಚನ್ನಪಟ್ಟಣದಿಂದ ಬೆಂಗಳೂರಿಗೆ ಇರುವಷ್ಟೇ!

ದೂರಕ್ಕೆ ತಕ್ಕ ಹೊತ್ತು ಹಿಡಿಯುತ್ತದೆ ಅನ್ನುವುದೂ ನಿಜವಲ್ಲ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್. ದೊಡ್ಡ ಜೆಟ್ ಅಲ್ಲಿ ಇಳಿಯಲಾರದು. 2024ರ ಮಾರ್ಚ್ 31ರಂದು ಬೆಂಗಳೂರಿನಿಂದ ಇಂಡಿಗೊ ಅಲ್ಲಿಗೆ ಹಾರಿಸತೊಡಗಿದ್ದು ಫ್ಯಾನಿನ ಎಟಿಆರ್ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜೆಟ್ಟಿನದು 800ಕ್ಕೂ ಮೇಲೆ. ಹಾಗಾಗಿ ಅಂಡಮಾನ್ ಎರಡೂವರೆ ಪಟ್ಟು ದೂರ ಇದ್ದರೂ ಜೆಟ್ಟು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ಅಗತ್ತಿಗೆ ಒಂದೂವರೆ ಗಂಟೆ ದಾಟುತ್ತದೆ. ಟಿಕೆಟ್‌ನಲ್ಲಿ ಬರೆದಿರುವುದೂ ಬರೀ ಹಾರಾಟದ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ್ದರಿಂದ ಹಿಡಿದು ಆ ತುದಿಯಲ್ಲಿ ನಿಂತು ಚಕ್ರಕ್ಕೆ ಅಡ್ಡ ಕೊಡುವವರೆಗಿನದ್ದು. ರನ್‌ವೇಗೆ ತೆವಳುವ, ಸರದಿ ಕಾಯುವ ನಿಮಿಷಗಳೂ ಅದರಲ್ಲೇ ಸೇರಿವೆ.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪುತ್ತದೆ ಎಂದು ಓದಿದವರೂ ವಾದಿಸುತ್ತಾರೆ. ಗಾಳಿಯೂ ಭೂಮಿಯ ಜೊತೆಗೇ ಸುತ್ತುತ್ತದಲ್ಲ! ವ್ಯತ್ಯಾಸ ಆಗುವುದು ಮೇಲಿನ ಗಾಳಿಯ ಬೀಸಿನಿಂದ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಜೋರು ಗಾಳಿ ಬೀಸುತ್ತದೆ. ಆಗ ಅಂಡಮಾನಿಗೆ ಹೋಗುವಾಗ ಅದು ಎದುರುಗಾಳಿ, ಬರುವಾಗ ಬೆನ್ನಗಾಳಿ.

ಗಡಿಯಾರ ಮಾತ್ರ ಬದಲಿಸಬೇಕಿಲ್ಲ. ಪೋರ್ಟ್ ಬ್ಲೇರ್ ನಮಗಿಂತ 15 ಡಿಗ್ರಿ ಪೂರ್ವಕ್ಕಿದ್ದು ಸೂರ್ಯ ಹತ್ತಿರಹತ್ತಿರ ಒಂದು ಗಂಟೆ ಮೊದಲೇ ಹುಟ್ಟಿದರೂ ಸಮಯ ಭಾರತದ್ದೇ.

ನಿಜವಾಗಿ ಹೊತ್ತು ತಿನ್ನುವುದು ನೆಲದ ದಾರಿ. ಚನ್ನಪಟ್ಟಣದವರಿಗೆ ಬೆಂಗಳೂರು ದಾಟಿ ದೇವನಹಳ್ಳಿಯ ನಿಲ್ದಾಣಕ್ಕೆ ನೂರರ ಹತ್ತಿರ ಕಿ.ಮೀ. ಲಗೇಜು ಕೊಡುವ ಕೌಂಟರು ಹೊರಡಲು ಒಂದು ಗಂಟೆ ಇರುವಾಗಲೇ ಮುಚ್ಚುತ್ತದೆ. ಟ್ರಾಫಿಕ್ಕು ಸೇರಿದರೆ ಮನೆಯಿಂದ ವಿಮಾನದ ಸೀಟಿಗೆ ಹಿಡಿಯುವ ಹೊತ್ತು ಅಂಡಮಾನಿನ ಹಾರಾಟವನ್ನೇ ಮೀರಿಸುತ್ತದೆ. ಅದೇ ನಿಲ್ದಾಣಕ್ಕೆ ಮಾಗಡಿಯವರು ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನೊಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ.