ಶಾಸನಗಳ ಕಾಲನಿರ್ಣಯದಲ್ಲಿ ಆಕರ ಮತ್ತು ವಿದ್ವದ್ವಾಕ್ಯ

ಹಲ್ಮಿಡಿ ಶಾಸನದ ಕಾಲ ಕ್ರಿ.ಶ. 450 ಎಂಬ ಹೇಳಿಕೆ ಪಠ್ಯಪುಸ್ತಕಗಳಿಂದ ವೇದಿಕೆಯ ಭಾಷಣಗಳವರೆಗೆ ರೂಢವಾಗಿದೆ. ಆದರೆ ಶಾಸನದಲ್ಲಿ ಶಕವರ್ಷದ ಉಲ್ಲೇಖವೇ ಇಲ್ಲ. ಹಾಗಾದರೆ ಈ ಸಂಖ್ಯೆ ಬಂದುದೆಲ್ಲಿಂದ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ವಿವೇಚನೀಯ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ದೊರೆತ ಈ ಹದಿನಾರು ಸಾಲುಗಳ ಶಾಸನವನ್ನು ಡಾ. ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1936ರ ವರದಿಯಲ್ಲಿ ಬೆಳಕಿಗೆ ತಂದರು. ಅವರು ಸೂಚಿಸಿದ ಕಾಲ ‘ಸುಮಾರು’ 450. ತೇದಿಯಿಲ್ಲದ ಇಂತಹ ಶಾಸನದಲ್ಲಿ ಲಿಪಿ, ಭಾಷೆ ಹಾಗೂ ಅರಸನ ಹೆಸರುಗಳೇ ಕಾಲನಿರ್ಣಯಕ್ಕೆ ಆಧಾರ. ಲಿಪಿ ನಿಧಾನವಾಗಿ ಮಾರ್ಪಡುವುದರಿಂದ ಅದು ಕೆಲವು ದಶಕಗಳ ಅವಧಿಯನ್ನು ಸೂಚಿಸಬಲ್ಲದೇ ಹೊರತು ನಿಶ್ಚಿತ ವರ್ಷವನ್ನಲ್ಲ. ಶಾಸನೋಕ್ತ ಕಾಕುಸ್ಥನು ಕದಂಬ ಕಾಕುಸ್ಥವರ್ಮನೇ ಎಂಬ ವಿಷಯದಲ್ಲಿಯೂ ಭಿನ್ನಾಭಿಪ್ರಾಯವಿದೆ. ಆದುದರಿಂದಲೇ ಕೆಲವು ವಿದ್ವಾಂಸರು ಶಾಸನದ ಕಾಲವನ್ನು ಇನ್ನೂ ಈಚೆಗೆ ತರುತ್ತಾರೆ.

‘ಸುಮಾರು’ ಎಂಬ ಮಾತು ತಜ್ಞನ ದೌರ್ಬಲ್ಯವಲ್ಲ. ಆಧಾರದ ಮಿತಿಯನ್ನರಿತ ಪರಿಣತಿಯ ಭಾಗವದು. ಮೂಲ ವರದಿಯನ್ನು ನೋಡದೆ ಒಂದು ಗ್ರಂಥದಿಂದ ಮತ್ತೊಂದಕ್ಕೆ ಸಂಖ್ಯೆಯನ್ನು ಎತ್ತಿಕೊಂಡಾಗ ಮೊದಲು ಕಳಚಿಹೋಗುವುದು ಈ ಮಾತೇ. ಆಗ ವಿದ್ವಾಂಸರ ಹೆಸರು ಉಳಿಯುತ್ತದೆ, ಅವರ ಅಭಿಪ್ರಾಯ ಬದಲಾಗಿರುತ್ತದೆ. ಹತ್ತು ಗ್ರಂಥಗಳು ಒಂದೇ ವರದಿಯನ್ನು ಅನುಸರಿಸಿದ್ದರೆ ಅಲ್ಲಿರುವ ಸಾಕ್ಷ್ಯ ಹತ್ತಲ್ಲ, ಒಂದೇ.

ಈ ಎಚ್ಚರ ಇಂದು ಇನ್ನೂ ಅಗತ್ಯ. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ಪ್ರಾಚೀನತೆ ಒಂದು ಮುಖ್ಯ ಮಾನದಂಡವಾಗಿತ್ತು. ತಾಳಗುಂದದಲ್ಲಿ 2013ರಲ್ಲಿ ದೊರೆತ ಸಿಂಹಕಟಾಂಜನ ಶಾಸನಕ್ಕೆ ಕ್ರಿ.ಶ. 370ರ ಕಾಲವನ್ನು ಸೂಚಿಸಲಾಗಿದೆ. ಪ್ರಾಚೀನತೆಯನ್ನು ಹಿಂದಕ್ಕೊಯ್ಯುವ ಇಂತಹ ಪ್ರತಿಪಾದನೆ ಅಭಿಮಾನಕ್ಕೆ ಪ್ರಿಯವಾದಷ್ಟೂ ಅದರ ಪರೀಕ್ಷೆ ಕಟ್ಟುನಿಟ್ಟಾಗಿರಬೇಕು. ಪರೀಕ್ಷೆಗೆ ನಿಲ್ಲದ ಒಂದು ತೇದಿ ಉಳಿದ ದೃಢ ಸಾಕ್ಷ್ಯಗಳ ಮೇಲೂ ಸಂಶಯ ತರುತ್ತದೆ.

ಶಾಸನದ ಕಾಲವನ್ನು ಉಲ್ಲೇಖಿಸುವವರು ಮೂರು ಅಂಶಗಳನ್ನು ನಮೂದಿಸುವುದು ಉಚಿತ: ತೇದಿ ಶಾಸನೋಕ್ತವೋ ಊಹಿತವೋ; ಊಹೆ ಯಾರದು, ಯಾವ ಆಧಾರದ್ದು; ಉಲ್ಲೇಖಕಾರರು ಸ್ವತಃ ನೋಡಿದ್ದು ಪಡಿಯಚ್ಚನ್ನೋ, ಮೂಲ ವರದಿಯನ್ನೋ, ಅನ್ಯರ ಗ್ರಂಥವನ್ನೋ. ಗ್ರಂಥಾಲಯಗಳು ಹಳೆಯ ವಾರ್ಷಿಕ ವರದಿಗಳನ್ನು ಕಾಪಾಡಿದರೆ ಮಾತ್ರ ಈ ಪರಿಶೀಲನೆ ಸಾಧ್ಯ. ತಜ್ಞರ ಮೇಲಿನ ಗೌರವ ಅವರ ಹೆಸರಿನ ಪುನರುಕ್ತಿಯಲ್ಲಿಲ್ಲ, ಅವರು ತೋರಿದ ಆಧಾರವನ್ನು ಮತ್ತೆ ಹೋಗಿ ನೋಡುವುದರಲ್ಲಿದೆ.