ಕಡಲಿನ ಮೀಥೇನ್: ಒಂದು ಸಲ ಅಳೆದರೆ ಸಾಲದು

ನವಲಗುಂದಕ್ಕೂ ಕಡಲಿಗೂ ಬಲು ದೂರ. ಆದರೂ ಕಡಲತಡಿಯಿಂದ ಹೊರಟ ಅನಿಲ ಧಾರವಾಡ ಜಿಲ್ಲೆಯ ನೆಲದಡಿ ಹರಿಯುತ್ತಿದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಸಾಗುವ ಗೇಲ್ ಸಂಸ್ಥೆಯ ಕೊಳವೆ 2013ರಿಂದ ಇದೇ ಜಿಲ್ಲೆಯನ್ನು ಹಾದುಹೋಗುತ್ತದೆ. ಅದರಲ್ಲಿರುವುದು ಬಹುಪಾಲು ಮೀಥೇನ್. ಉರಿಯದೆ ಸೋರಿದ ಮೀಥೇನ್, 20 ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಗಾಳಿಯಲ್ಲಿ ಅದು ಉಳಿಯುವುದು ಹನ್ನೆರಡು ವರ್ಷದ ಆಸುಪಾಸು. ಹಾಗಾಗಿ ಇಂದು ಸೋರಿಕೆ ತಡೆದರೆ ಅದರ ಫಲವನ್ನು ನಾವೇ ಕಾಣಬಹುದು.

ಇಂಥ ಸೋರಿಕೆ ಕಡಲಲ್ಲೂ ಆಗುತ್ತದೆ. ನಮ್ಮ ದೇಶದ ಕಡಲ ತೈಲದ ದೊಡ್ಡ ನೆಲೆ ಮುಂಬೈ ಹೈ. ಮುಂಬೈಯಿಂದ ಸುಮಾರು 160 ಕಿ.ಮೀ. ಆಚೆ, 1974ರಲ್ಲಿ ‘ಸಾಗರ್ ಸಮ್ರಾಟ್’ ರಿಗ್ ಅಲ್ಲಿ ಎಣ್ಣೆ ಕಂಡುಹಿಡಿಯಿತು. ಇಂಥ ನೆಲೆಗಳಲ್ಲಿ ಎಣ್ಣೆ ತೆಗೆಯಲು ಕಡಲಲ್ಲಿ ನಿಲ್ಲಿಸಿದ ಅಟ್ಟಣೆಗಳಲ್ಲಿ ಎಣ್ಣೆಯ ಜೊತೆಗೇ ಅನಿಲವೂ ಮೇಲೆ ಬರುತ್ತದೆ. ಕೊಳವೆಗೆ ಸೇರಿಸಲಾಗದ ಅನಿಲವನ್ನು ಎತ್ತರದ ಚಿಮಣಿಯಲ್ಲಿ ಸುಡುತ್ತಾರೆ. ಜ್ವಾಲೆ ಆರಿತೋ, ಅರೆಬರೆ ಉರಿಯಿತೋ, ಹಸಿ ಮೀಥೇನ್ ನೇರ ಗಾಳಿಗೆ ಸೇರುತ್ತದೆ. ಟ್ಯಾಂಕುಗಳು, ಕವಾಟಗಳು, ಕಂಪ್ರೆಸರ್‌ಗಳ ಸೀಲುಗಳಿಂದ ಸೋರುವುದು ಬೇರೆ.

ಕಣ್ಣಿಗೆ ಕಾಣದ ಈ ಅನಿಲವನ್ನು ಉಪಗ್ರಹ ಹೇಗೆ ಹಿಡಿಯುತ್ತದೆ? ಬಿಸಿಲಿನ ಅವಗೆಂಪು ಕಿರಣಗಳಲ್ಲಿ ಕೆಲವನ್ನು ಮೀಥೇನ್ ಹೀರುತ್ತದೆ. ನೆಲಕ್ಕೆ ಬಡಿದು ಹಿಂತಿರುಗುವ ಬೆಳಕಿನಲ್ಲಿ ಆ ಕಿರಣಗಳು ಎಷ್ಟು ಕಡಿಮೆಯಾಗಿವೆ ಎಂದು ಉಪಕರಣ ನೋಡುತ್ತದೆ. ಕಡಲಲ್ಲಿ ಇದು ಕಷ್ಟ, ಏಕೆಂದರೆ ನೀರು ತಾನೇ ಆ ಕಿರಣಗಳನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ಸಂಜೆ ನವಲಗುಂದದ ನೀಲಮ್ಮನ ಕೆರೆಯ ದಂಡೆಯಲ್ಲಿ ಸೂರ್ಯನ ಕಡೆ ಮುಖಮಾಡಿ ನಿಂತರೆ ನೀರು ಕಣ್ಣು ಕೋರೈಸುತ್ತದಲ್ಲ, ಉಪಗ್ರಹಕ್ಕೂ ಅದೇ ಹೊಳಪು ಬೇಕು. ಸೂರ್ಯ, ನೀರು, ಕ್ಯಾಮೆರಾ ಮೂರೂ ತಕ್ಕ ಕೋನಕ್ಕೆ ಬಂದಾಗ ಮಾತ್ರ ಸೋರಿಕೆಯ ಬಾಲ ಗೋಚರಿಸುತ್ತದೆ.

ಇಷ್ಟು ಸಾಹಸ ಮಾಡಿ ಒಂದು ದಿನ ಅಳೆದರೆ ಸಾಕೇ? 2021ರ ಡಿಸೆಂಬರಿನಲ್ಲಿ ಮೆಕ್ಸಿಕೊ ಕೊಲ್ಲಿಯ ಒಂದು ತೈಲ ಅಟ್ಟಣೆಯಲ್ಲಿ ಜ್ವಾಲೆ ಆರಿ, 17 ದಿನಗಳಲ್ಲಿ ಸುಮಾರು 40,000 ಟನ್ ಮೀಥೇನ್ ಹೊರಬಿತ್ತು. ಸ್ಪೇನಿನ ವಲೆನ್ಸಿಯಾದ ವಿಜ್ಞಾನಿಗಳು ಅದನ್ನು ಉಪಗ್ರಹ ಚಿತ್ರಗಳಲ್ಲಿ ಪತ್ತೆಹಚ್ಚಿದರು. ಆ ತಿಂಗಳ ಮೊದಲ ವಾರದಲ್ಲಷ್ಟೇ ನೋಡಿದ್ದವರಿಗೆ ಅಲ್ಲಿ ಕಂಡಿರುತ್ತಿದ್ದದ್ದು ಸಾಮಾನ್ಯವಾಗಿ ಉರಿಯುವ ಚಿಮಣಿ. ನನಗೆ ಈ ಕೆಲಸದಲ್ಲಿ ಹೆಚ್ಚು ಹಿಡಿಸಿದ್ದು ಆಮೇಲಿನ ಭಾಗ. ಅವರು ಅಲ್ಲಿನ ಜ್ವಾಲೆಯ ಹಲವು ವರ್ಷಗಳ ಉಪಗ್ರಹ ದಾಖಲೆಯನ್ನೇ ತೆಗೆದು ನೋಡಿದರು. ಅಷ್ಟು ದೀರ್ಘ ಕಾಲ ಜ್ವಾಲೆ ಆರಿದ್ದು ಅಲ್ಲಿ ಅಪರೂಪ ಎಂದು ಹೇಳಲು ಸಾಧ್ಯವಾದದ್ದು ಆ ಹಳೆಯ ದಾಖಲೆಯಿಂದ.

ಮೀಥೇನ್ ಸೋರಿಕೆಯ ಬಹಳಷ್ಟು ಸರ್ಕಾರಿ ಲೆಕ್ಕಗಳು ಅಳತೆಯಿಂದ ಹುಟ್ಟಿದವಲ್ಲ. ಉಪಕರಣಗಳ ಸಂಖ್ಯೆಯನ್ನು ಒಂದು ಸರಾಸರಿ ಅಂಕಿಯಿಂದ ಗುಣಿಸಿ ಬರೆದವು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ವಿಮಾನದಲ್ಲಿ ಉಪಕರಣ ಹೊತ್ತು ಅದೇ ಕೊಲ್ಲಿಯ ಮೇಲೆ ಹಾರಿದಾಗ, ಕಾಗದದ ಮೇಲಿನ ಅಂಕಿ ನಿಜಕ್ಕಿಂತ ಬಹಳ ಕಡಿಮೆ ಎಂದು ತಿಳಿಯಿತು.

ಮುಂಬೈ ಹೈ ಇರುವ ಅರಬ್ಬೀ ಸಮುದ್ರದಲ್ಲಿ ಇನ್ನೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾವು ಮುಗಿಲು ನೋಡುತ್ತ ಕೂರುವ ತಿಂಗಳುಗಳಲ್ಲಿ, ಅಲ್ಲಿ ಮೋಡ ದಟ್ಟೈಸುತ್ತದೆ. ಬಿಸಿಲಿನ ಬೆಳಕನ್ನೇ ನಂಬಿದ ಉಪಗ್ರಹಗಳು ಮೋಡದ ಕೆಳಗೆ ನೋಡಲಾರವು. ವರ್ಷದ ಮೂರನೇ ಒಂದು ಭಾಗ ಬಹುಪಾಲು ಖಾಲಿ ಉಳಿದ ದಾಖಲೆಯನ್ನು ಪೂರ್ಣ ಎನ್ನಲಾಗದು. ಆ ತಿಂಗಳುಗಳಿಗೆ ಅಟ್ಟಣೆಯ ಮೇಲೆಯೇ ಕೂರಿಸಿದ ಸಂವೇದಕಗಳು, ಹತ್ತಿರ ಸುಳಿಯುವ ಹಡಗುಗಳು ಬೇಕು. ಅವುಗಳ ಅಂಕಿಗಳು ಎಲ್ಲರೂ ನೋಡುವಂತೆ ಪ್ರಕಟವಾಗಬೇಕು.